ಚಿಯಾವೊ ವಾಡೆಗೆ ಹೋದರೆ ಸೂರು ನೋಡಿ, ಬೊಂಬೆ ಆಮೇಲೆ

ಚೀನಾದ ಶಾನ್‌ಶಿ ಪ್ರಾಂತ್ಯದ ಚೀ ಕೌಂಟಿಯಲ್ಲಿರುವ ಚಿಯಾವೊ ಮನೆತನದ ವಾಡೆ 1986ರಿಂದ ಜಾನಪದ ವಸ್ತುಸಂಗ್ರಹಾಲಯ. ಮದುವೆ, ಹೆರಿಗೆ, ಶವಸಂಸ್ಕಾರ, ಹಬ್ಬ, ಬೇಸಾಯ, ವ್ಯಾಪಾರ ಎಲ್ಲಕ್ಕೂ ಕೋಣೆಗಳಿವೆ. ಆದರೂ ಒಳಗಿಟ್ಟ ಸಾಮಾನಿಗಿಂತ ಮನೆಯೇ ದೊಡ್ಡದು. ಇದು ತಲೆಯಲ್ಲಿದ್ದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಇಲ್ಲದಿದ್ದರೆ ಗಾಜಿನ ಹಿಂದಿನ ಬೊಂಬೆ ನೋಡಿ ಸುಸ್ತಾಗಿ ಹೊರಬರುತ್ತೀರಿ.

ಹೊರಗಿನಿಂದ ಕಾಣುವುದು ಬೂದು ಇಟ್ಟಿಗೆಯ, ಹತ್ತು ಮೀಟರಿಗೂ ಮಿಕ್ಕ ಎತ್ತರದ ಕೋಟೆಗೋಡೆ. ಪೂರ್ವದ ಹೆಬ್ಬಾಗಿಲಿನ ಎದುರಿನ ಅಡ್ಡಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ: ದೀರ್ಘಾಯುಸ್ಸಿನ ಅಕ್ಷರವನ್ನು ನೂರು ಬಗೆಯಲ್ಲಿ ಅದರ ಮೇಲೆ ಕೆತ್ತಿದ್ದಾರೆ. ಒಳಗೆ ಕಾಲಿಟ್ಟರೆ ಸುಮಾರು 80 ಮೀಟರ್ ಉದ್ದದ ನೇರ ಕಲ್ಲುಹಾಸಿನ ಓಣಿ, ಪಶ್ಚಿಮದ ತುದಿಗೆ ಪಿತೃಗಳ ಗುಡಿ. ಎಡಕ್ಕೆ ಮೂರು, ಬಲಕ್ಕೆ ಮೂರು ದೊಡ್ಡ ಅಂಗಳಗಳು. ಅವುಗಳೊಳಗೆ 20 ಚಿಕ್ಕ ಅಂಗಳ, ಒಟ್ಟು 313 ಕೋಣೆ.

ಜನ ಹೋದ ಕಡೆ ಹೋಗದೆ ಮೊದಲು ಬಲಗಡೆಯ ಮೊದಲ ಅಂಗಳಕ್ಕೆ ಹೋಗಿ. 18ನೇ ಶತಮಾನದಲ್ಲಿ ಶುರುವಾದ ಹಳೇ ಮನೆ ಅದು. ಹೊರ ಅಂಗಳದ ಪಕ್ಕದ ಸಾಲಿನಲ್ಲಿ ಮೂರು ಅಂಕಣ, ಒಳಗಿನದರಲ್ಲಿ ಐದು, ನಡುವೆ ಹಾದುಹೋಗುವ ಪಡಸಾಲೆ. ಈಗ ತಲೆಯೆತ್ತಿ. ಪಕ್ಕದ ಕೋಣೆಗಳ ಮಾಡಿಗೆ ಒಂದೇ ಇಳಿಜಾರು, ಅದೂ ಒಳಮುಖ. ನಮ್ಮ ತೊಟ್ಟಿಮನೆಯ ಹಾಗೆ ಮಳೆನೀರೆಲ್ಲ ಅಂಗಳಕ್ಕೇ. ಮನೆಯ ಸಂಪತ್ತು ಹೊರಗೆ ಹರಿಯಬಾರದು ಎಂಬ ಲೆಕ್ಕಾಚಾರ ಅದರ ಹಿಂದಿದೆ. ಮಾಡಿನ ಎತ್ತರದ ಬೆನ್ನು ಹೊರಗಿನವರಿಗೆ ಬರೀ ಗೋಡೆಯಾಗಿ ಕಾಣುತ್ತದೆ, ಕಳ್ಳರಿಗೂ ಅಷ್ಟೆ. ಮಾಡಿನ ಮೇಲೆ ಅಂಗಳದಿಂದ ಅಂಗಳಕ್ಕೆ ರಾತ್ರಿ ಕಾವಲುಗಾರರು ಓಡಾಡಲು ದಾರಿಯಿತ್ತು. ಹೊಗೆಗೂಡುಗಳು ನೂರಕ್ಕೂ ಹೆಚ್ಚು, ಕೆಲವು ಪುಟ್ಟ ಮನೆಯ ಆಕಾರದವು. ಇಷ್ಟೊಂದು ಯಾಕೆ ಎಂದರೆ, ಇಲ್ಲಿ ಮಲಗುವುದು ಇಟ್ಟಿಗೆಯ ಜಗಲಿಯ ಮೇಲೆ. ಒಲೆಯ ಬಿಸಿ ಹೊಗೆಯನ್ನು ಅದರ ಹೊಟ್ಟೆಯೊಳಗೆ ಹಾಯಿಸಿ ಹೊರಗೆ ಬಿಡುತ್ತಾರೆ.

ಎಡಗಡೆಯ ಕೊನೆಯ ಅಂಗಳ 20ನೇ ಶತಮಾನದ್ದು. ದೊಡ್ಡ ಗಾಜಿನ ಕಿಟಕಿಗಳು ಬರುತ್ತವೆ, ಪಾಶ್ಚಾತ್ಯ ಶೈಲಿ ಇಣುಕುತ್ತದೆ. ಹಳೆಯದರಿಂದ ಇಲ್ಲಿಗೆ ಬಂದರೆ ದುಡ್ಡಿನ ಜೊತೆ ಅಭಿರುಚಿ ಹೇಗೆ ಬದಲಾಯಿತೆಂದು ಗೊತ್ತಾಗುತ್ತದೆ.

ದುಡ್ಡು ಬಂದದ್ದು ಒಳ ಮಂಗೋಲಿಯಾದ ಬಾವೊಟೌನಿಂದ. ಚಿಯಾವೊ ಗುಯಿಫಾ ಅಲ್ಲಿ ಮೇವು, ತೋಫು ಮಾರಿ ಶುರುಮಾಡಿದ. ಮೊಮ್ಮಗ ಚಿಯಾವೊ ಝಿಯೋಂಗ್ (1818–1907) ಕಾಲಕ್ಕೆ ಊರಿಂದೂರಿಗೆ ದುಡ್ಡು ಕಳಿಸುವ ಹುಂಡಿ ವ್ಯವಹಾರದ ಪೇಢಿಗಳಿದ್ದವು. ಫುಶೆಂಗ್‌ಗಾಂಗ್ ಇವರದೇ ಅಂಗಡಿ. ‘ಮೊದಲು ಫುಶೆಂಗ್‌ಗಾಂಗ್ ಅಂಗಡಿ, ಆಮೇಲೆ ಬಾವೊಟೌ ಊರು’ ಎಂಬ ಮಾತು ಅಲ್ಲಿ ಇನ್ನೂ ಇದೆ.

ಪ್ರದರ್ಶನದಲ್ಲಿ ಬಿಡಬಾರದ್ದು ಪಡಸಾಲೆಯ ಸೂರಿಗೆ ತೂಗುಬಿಟ್ಟ ಕನ್ನಡಿಗೋಳ. ಕೆಳಗೆ ಎಷ್ಟೇ ಜನ ನಿಂತರೂ ಎಲ್ಲರೂ ಅದರಲ್ಲಿ ಕಾಣುತ್ತಾರೆ. ಯಜಮಾನ ಕತ್ತು ತಿರುಗಿಸದೆ ಅತಿಥಿಗಳ ಕೈ ಎಲ್ಲೆಲ್ಲಿ ಹೋಗುತ್ತಿದೆ ಎಂದು ನೋಡಬಹುದಿತ್ತು. ಒಂಬತ್ತು ಡ್ರ್ಯಾಗನ್‌ಗಳ ದೀಪದ ಮುಂದೆ ನೂಕುನುಗ್ಗಲು ಜಾಸ್ತಿ. ಮದುವೆ ಕೋಣೆ ಪರವಾಗಿಲ್ಲ, ಉಳಿದ ಬೊಂಬೆಗಳದು ಸವಕಲು ಕೆಲಸ.

ಅಂಗಳಗಳಲ್ಲಿ ತೂಗುವ ಕೆಂಪು ಲಾಟೀನುಗಳ ಹಿಂದೆ ನಿರ್ದೇಶಕ ಜಾಂಗ್ ಯಿಮೋ ಇಲ್ಲಿ ಚಿತ್ರೀಕರಿಸಿದ 1991ರ ಸಿನಿಮಾ ‘ರೈಸ್ ದ ರೆಡ್ ಲ್ಯಾಂಟರ್ನ್’ ಇದೆ. ಅದು ಸವತಿಯರ ಕಥೆ. ಈ ಮನೆಯ ಕಟ್ಟಳೆಯಲ್ಲಿ ಉಪಪತ್ನಿಯನ್ನು ತರುವಂತಿಲ್ಲ ಎಂದೇ ಇತ್ತು! ಜೂಜು, ಅಫೀಮು, ಆಳುಗಳ ಮೇಲೆ ದಬ್ಬಾಳಿಕೆಗೂ ನಿಷೇಧ. ಸಿನಿಮಾವನ್ನು ಮನೆಯ ಚರಿತ್ರೆ ಅಂದುಕೊಳ್ಳಬೇಡಿ.

ದೂರು ಹೇಳುವುದಾದರೆ ವ್ಯಾಪಾರದ ಬಗ್ಗೆ. 2019ರ ಜುಲೈನಲ್ಲಿ ಚೀನಾದ ಸಂಸ್ಕೃತಿ ಮತ್ತು ಪ್ರವಾಸೋದ್ಯಮ ಸಚಿವಾಲಯ ಇದರ 5ಎ ದರ್ಜೆಯನ್ನು, ಅಂದರೆ ಅಲ್ಲಿನ ಪ್ರವಾಸಿ ತಾಣಗಳಿಗೆ ಕೊಡುವ ಅತ್ಯುನ್ನತ ದರ್ಜೆಯನ್ನು, ಕಿತ್ತುಕೊಂಡಿತು. ಅತಿಯಾದ ಅಂಗಡಿಮಯವಾದದ್ದೇ ಒಂದು ಕಾರಣ. ಇತ್ತೀಚೆಗೆ ಸೇರಿಸಿದ ಪಕ್ಕದ ಭಾಗಗಳಲ್ಲಿ ಹೊತ್ತು ಕಳೆಯುವ ಅಗತ್ಯವಿಲ್ಲ. ಹಳೇ ಆರು ಅಂಗಳಗಳಿಗೆ ಎರಡೂವರೆ ಗಂಟೆ ಇಟ್ಟುಕೊಳ್ಳಿ.

ತೈಯುವಾನ್‌ನಿಂದ ದಕ್ಷಿಣಕ್ಕೆ ಸುಮಾರು 60 ಕಿಮೀ. ವೇಗದ ರೈಲಿಗೆ ಚೀಶಿಯಾನ್ ಪೂರ್ವ ನಿಲ್ದಾಣದಲ್ಲಿ ಇಳಿದು ಟ್ಯಾಕ್ಸಿ ಹಿಡಿಯಿರಿ. ಪಾಸ್‌ಪೋರ್ಟ್ ಜೊತೆಗಿರಲಿ. ಗೂಗಲ್ ಅಲ್ಲಿ ನಡೆಯುವುದಿಲ್ಲ. ಅನುವಾದದ ಬೇರೆ ಆ್ಯಪ್ ಮೊದಲೇ ಹಾಕಿಕೊಂಡು ಹೋಗಿ. ಅಚ್ಚಿನ ಫಲಕ ಅದು ಓದುತ್ತದೆ, ಕುಂಚದಲ್ಲಿ ಬರೆದ ಬಾಗಿಲ ಫಲಕಗಳ ಮುಂದೆ ತಡವರಿಸುತ್ತದೆ. ಅಕ್ಟೋಬರ್ 1ರಿಂದ ಶುರುವಾಗುವ ರಾಷ್ಟ್ರೀಯ ರಜೆಯ ವಾರ ಬೇಡವೇ ಬೇಡ: ಅಂಗಳಗಳು ಕಿರಿದು, ಗುಂಪು ಸಿಕ್ಕಿಕೊಂಡರೆ ಹಿಂದೆ ಸರಿಯಲೂ ಜಾಗವಿಲ್ಲ.

ಇದೇ ಪ್ರಾಂತ್ಯದ ಲಿಂಗ್‌ಶಿಯ ವಾಂಗ್ ಮನೆತನದ ವಾಡೆ ಇದಕ್ಕಿಂತ ಎಷ್ಟೋ ದೊಡ್ಡದು, ಗುಡ್ಡದ ಇಳಿಜಾರಿನಲ್ಲಿದೆ. ಕೆತ್ತನೆಯೇ ಮುಖ್ಯವಾದರೆ ಅಲ್ಲಿಗೆ ಹೋಗಿ. ಎರಡನ್ನೂ ನೋಡುವ ಆಸೆಯಿದ್ದರೆ ನಡುವೆ ಸಿಗುವ ಹಳೇ ಪಟ್ಟಣ ಪಿಂಗ್ಯಾವೊದಲ್ಲಿ ತಂಗಿ, ಒಂದೊಂದಕ್ಕೆ ಒಂದೊಂದು ದಿನ ಇಡಿ.