ಇಂಜಿನ್ ಬಿಸಿ ಇತ್ತು, ನಾನು ಸುಮ್ಮನಿದ್ದೆ

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಮಾತಾಡುತ್ತಾ ಸುಮ್ನೆ ಬಾನೆಟ್ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು. "ಈಗ ತಾನೇ ತೊಳೆಸಿಕೊಂಡು ಬಂದೆ ಸರ್, ನೀವು ಬರ್ತೀರಲ್ಲ ಅಂತ" ಎಂದರು ಮಾರುವವರು. ನನಗಾಗಿ ಇಷ್ಟು ತೊಂದರೆ ತಗೊಂಡಿದ್ದಾರಲ್ಲ ಎಂದು ಖುಷಿಪಟ್ಟೆ. ಇಂಥ ಪೆದ್ದ ನಾನು.

ಆ ಬಿಸಿ ಬಾನೆಟ್ಟಿನ ಅರ್ಥ ತಿಳಿಯಲು ನನಗೆ ಮೂರು ವಾರ ಬೇಕಾಯಿತು. ನಿಮಗೆ ಅಷ್ಟು ದಿನ ಬೇಡ ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ಹತ್ತಿರ ಇದ್ದ ದುಡ್ಡು ಕಡಿಮೆ. ಅದನ್ನು ಮುಚ್ಚಿಡುವುದೇನಿಲ್ಲ. ಎರಡು ವರ್ಷ ಕೂಡಿಟ್ಟಿದ್ದು, ಸಾಲ ಬೇಡ ಎಂಬ ಹಟ, ಮನೆಯಲ್ಲಿ ವಯಸ್ಸಾದವರು, ಆಸ್ಪತ್ರೆಗೆ ಓಡಾಟ. ಕಾರು ಬೇಗ ಬೇಕಿತ್ತು. ಕೈಯಲ್ಲಿದ್ದ ದುಡ್ಡಿನಲ್ಲಿ ನೂರಕ್ಕೆ ತೊಂಬತ್ತೈದು ಪಾಲು ಕಾರಿನ ಬೆಲೆಗೇ ಹೋಯಿತು. ಉಳಿದ ಐದು ಪಾಲು ಹೆಸರು ಬದಲಾವಣೆಗೆ, ವಿಮೆಗೆ. ರಿಪೇರಿಗೆ? ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಬೇಕು ಎಂದು ತಮ್ಮ ಹೇಳಿದ್ದ. ಅವರಿಗೆ ಕೊಡುವ ದುಡ್ಡನ್ನೂ ಉಳಿಸೋಣ ಎಂದು ನಾನೇ ಬೇಡ ಅಂದೆ. ಎಷ್ಟು ಉಳಿಸಿದೆ ಅಂದರೆ, ಆಮೇಲೆ ಕಟ್ಟಿದ ರಿಪೇರಿ ಬಿಲ್ಲಿನ ಮುಂದೆ ಅದು ಟಿಪ್ಸ್ ಲೆಕ್ಕ.

ಕಾರು ನೋಡಲು ಚೆನ್ನಾಗಿತ್ತು, ಅದರಲ್ಲಿ ಸುಳ್ಳಿಲ್ಲ. ಬಣ್ಣ ಹೊಳೆಯುತ್ತಿತ್ತು. ಸೀಟುಗಳಿಗೆ ಹೊಸ ಕವರ್. ಇಂಜಿನ್ ಎಷ್ಟು ಶುಭ್ರವಾಗಿತ್ತೆಂದರೆ ಅದರ ಮೇಲೆ ತಟ್ಟೆ ಇಟ್ಟು ಊಟ ಮಾಡಬಹುದಿತ್ತು. ಮೀಟರ್ 71,000 ಕಿ.ಮೀ. ತೋರಿಸುತ್ತಿತ್ತು. ಹತ್ತು ನಿಮಿಷ ಓಡಿಸಿದೆ, ಅಕ್ಕಪಕ್ಕದ ನಾಲ್ಕು ಬೀದಿಗಳಲ್ಲಿ. ಪಕ್ಕದ ಸೀಟಿನಲ್ಲಿ ಕೂತವರು ಬಾಯಿ ಮುಚ್ಚಲಿಲ್ಲ, ರೇಡಿಯೋ ಬೇರೆ ಜೋರಾಗಿ ಹಾಡುತ್ತಿತ್ತು. "ಇನ್ನೊಬ್ಬರು ಸಂಜೆ ಅಡ್ವಾನ್ಸ್ ಕೊಡ್ತೀನಿ ಅಂದಿದಾರೆ ಸರ್, ನೀವು ಫ್ಯಾಮಿಲಿಯವರು ಅಂತ ನಿಮಗೆ ಮೊದಲು ಹೇಳಿದೆ." ಆ ಇನ್ನೊಬ್ಬರು ಇದ್ದರೋ ಇಲ್ಲವೋ ಇವತ್ತಿಗೂ ನನಗೆ ಅನುಮಾನ. ಮಧ್ಯಾಹ್ನವೇ ದುಡ್ಡು ಕೊಟ್ಟೆ.

ಮೇಲೆ ಥಳುಕು, ಒಳಗೆ ಹುಳುಕು ಅಂತಾರಲ್ಲ. ಎರಡನೇ ವಾರದಲ್ಲಿ ಕೂಲಂಟ್, ಅಂದರೆ ಇಂಜಿನ್ ಬಿಸಿಯಾಗದಂತೆ ತಣ್ಣಗಿಡುವ ದ್ರವ, ಕಡಿಮೆಯಾಗಿದ್ದು ಕಂಡಿತು. ತುಂಬಿಸಿದೆ. ನಾಲ್ಕು ದಿನಕ್ಕೆ ಮತ್ತೆ ಕಡಿಮೆ. ಕೆಳಗೆ ನೆಲದ ಮೇಲೆ ಒಂದು ಹನಿಯೂ ಇಲ್ಲ. ಸೋರದೇ ಇದ್ದರೆ ಎಲ್ಲಿಗೆ ಹೋಗುತ್ತಿದೆ ಎಂದು ಯೋಚಿಸಲೂ ಇಲ್ಲ ನಾನು. ಮೂರನೇ ವಾರ, ನಾಲ್ಕು ಜನರನ್ನು ಕೂರಿಸಿಕೊಂಡು ಒಂದು ಉದ್ದದ ಏರು ಹತ್ತುವಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಏರಿತು. ಪಕ್ಕಕ್ಕೆ ನಿಲ್ಲಿಸಿದೆ. ಬಾನೆಟ್ ಸಂದಿಯಿಂದ ಹಬೆ. ಅಮ್ಮ ರಸ್ತೆ ಬದಿಯ ಕಲ್ಲಿನ ಮೇಲೆ ಎರಡು ಗಂಟೆ ಕೂತಿದ್ದರು, ನನಗೆ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಗಾಡಿ ಎಳೆಸಿಕೊಂಡು ಹೋದೆ. ಮೆಕ್ಯಾನಿಕ್ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ತಿರುಗಿಸಿ ತೋರಿಸಿದರು. ಒಳಭಾಗದಲ್ಲಿ ಹಾಲು ಹಾಕಿದ ಕಾಫಿ ಬಣ್ಣದ ನೊರೆ ಮೆತ್ತಿತ್ತು. "ಆಯಿಲ್‌ಗೆ ನೀರು ಸೇರಿದೆ ಸಾರ್. ಹೆಡ್ ಗ್ಯಾಸ್ಕೆಟ್ ಹೋಗಿದೆ. ತಗೊಳ್ಳೋ ಮುಂಚೆ ತೋರಿಸಬಾರದಿತ್ತಾ?" ಇಂಜಿನ್ನಿನ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವೆ ಇರುವ ತೆಳ್ಳನೆಯ ತಗಡು ಅದು. ಸಿಲಿಂಡರಿನ ಬೆಂಕಿ, ಆಯಿಲ್, ಕೂಲಂಟ್, ಈ ಮೂರೂ ಒಂದಕ್ಕೊಂದು ಸೇರದಂತೆ ತಡೆಯುವುದು ಅದರ ಕೆಲಸ. ಅದು ಹೋದರೆ ಕೂಲಂಟ್ ಸಿಲಿಂಡರಿನೊಳಗೆ ಹೊಕ್ಕು ಸುಟ್ಟು ಸೈಲೆನ್ಸರಿನಿಂದ ಹೊಗೆಯಾಗಿ ಹೋಗುತ್ತದೆ. ನೆಲದ ಮೇಲೆ ಹನಿ ಬೀಳದೆ ಕಡಿಮೆಯಾಗುತ್ತಿದ್ದದ್ದು ಅದಕ್ಕೇ.

ರೇಡಿಯೇಟರಿನೊಳಗೆ ಕಂದು ಬಣ್ಣದ ಕೆಸರು ಸಿಕ್ಕಿತು. ಸೋರಿಕೆ ನಿಲ್ಲಿಸುವ ದ್ರವ ಡಬ್ಬಿಗಳಲ್ಲಿ ಸಿಗುತ್ತದೆ, ಅದನ್ನು ಸುರಿದಿದ್ದರು. ಕೆಲವು ವಾರ ತಡೆಯುತ್ತದೆ. ಮಾರಿ ಕೈತೊಳೆದುಕೊಳ್ಳಲು ಅಷ್ಟು ದಿನ ಸಾಕಲ್ವಾ.

ಈಗ ಆ ಬಿಸಿ ಬಾನೆಟ್ಟಿಗೆ ಬರುತ್ತೇನೆ. ಇಂಜಿನ್ನಿನ ಬಹಳಷ್ಟು ಕಾಯಿಲೆ ಕಾಣಿಸುವುದು ರಾತ್ರಿಯಿಡೀ ನಿಂತು ತಣ್ಣಗಾದ ಮೇಲೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ. ಸಿಲಿಂಡರಿನ ಬಾಗಿಲಿನಂತಿರುವ ವಾಲ್ವುಗಳ ಸೀಲ್ ಸವೆದಿದ್ದರೆ ರಾತ್ರಿ ಆಯಿಲ್ ಸಿಲಿಂಡರಿಗೆ ಇಳಿದಿರುತ್ತದೆ, ಸ್ಟಾರ್ಟ್ ಮಾಡಿದ ಕೂಡಲೇ ನೀಲಿ ಹೊಗೆ ಬುಸ್ಸೆನ್ನುತ್ತದೆ, ಆಮೇಲೆ ನಿಲ್ಲುತ್ತದೆ. ಬ್ಯಾಟರಿ ಸೋತಿದ್ದರೆ ಗೊತ್ತಾಗುವುದೂ ಆಗಲೇ. ಸವೆದ ಭಾಗಗಳ ಟಕಟಕ ಸದ್ದು ಕೇಳುವುದೂ ಆಗಲೇ ಜಾಸ್ತಿ. ಚಳಿಯಲ್ಲಿ ತೆಳುವಾದ ಬಿಳಿ ಹಬೆ ಬಂದರೆ ಗಾಬರಿ ಬೇಡ, ಅದು ಸೈಲೆನ್ಸರಿನೊಳಗಿನ ತೇವ, ಸ್ವಲ್ಪ ಹೊತ್ತಿಗೆ ಹೋಗುತ್ತದೆ. ಇಂಜಿನ್ ಕಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಲೇ ಇದ್ದು, ಅದರಲ್ಲಿ ಒಂಥರಾ ಸಿಹಿ ವಾಸನೆ ಇದ್ದರೆ ಕೂಲಂಟ್ ಸುಡುತ್ತಿದೆ ಎಂದು ಲೆಕ್ಕ. ಇನ್ನೊಂದು: ಇಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯುವಂತಿಲ್ಲ, ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಅಂದರೆ ಗಾಡಿ ಬಿಸಿಯಾಗಿಟ್ಟರೆ ನೀವು ಕೂಲಂಟನ್ನು ಸರಿಯಾಗಿ ನೋಡುವ ಹಾಗೂ ಇಲ್ಲ.

ಹಾಗಾಗಿ ಫೋನಿನಲ್ಲೇ ಹೇಳಿ: "ನಾಳೆ ಬೆಳಿಗ್ಗೆ ಬರ್ತೀನಿ, ನಾನು ಬರೋ ತನಕ ಸ್ಟಾರ್ಟ್ ಮಾಡಬೇಡಿ." ಹೋದ ಕೂಡಲೇ ಬಾನೆಟ್ ಮುಟ್ಟಿ. ಬಿಸಿ ಇದ್ದರೆ ಇನ್ನೊಂದು ದಿನ ಬರ್ತೀನಿ ಎಂದು ವಾಪಸ್ ಬನ್ನಿ. ಸಂಕೋಚ ಬೇಡ. ನಾನು ಸಂಕೋಚದಿಂದಲೇ ಕೆಟ್ಟಿದ್ದು.

ಗ್ಯಾಸ್ಕೆಟ್ ಒಂದೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲವೇನೋ. ಹೆಡ್ ಬಿಚ್ಚುವಾಗ ಟೈಮಿಂಗ್ ಬೆಲ್ಟಿನ (ಪಿಸ್ಟನ್, ವಾಲ್ವುಗಳನ್ನು ಒಂದೇ ತಾಳಕ್ಕೆ ಓಡಿಸುವ ಪಟ್ಟಿ) ಕವರ್ ತೆಗೆದರು. ಅದರ ಒಳಬದಿಯಲ್ಲಿ ಹಳೆಯ ಚೀಟಿಯೊಂದು ಅಂಟಿತ್ತು. ಬೆಲ್ಟ್ ಬದಲಾಯಿಸಿದಾಗ ಯಾರೋ ಒಳ್ಳೆಯ ಮೆಕ್ಯಾನಿಕ್ ಬರೆದಿಟ್ಟಿದ್ದು: 1,18,000 ಕಿ.ಮೀ. ನನ್ನ ಮೀಟರಿನಲ್ಲಿ ಆಗಲೂ 72,000 ಆಗಿರಲಿಲ್ಲ. ಆ ಚೀಟಿ ನೋಡಿ ನಾನು ನಕ್ಕುಬಿಟ್ಟೆ. ಮೆಕ್ಯಾನಿಕ್ ನಗಲಿಲ್ಲ.

ಡಿಜಿಟಲ್ ಮೀಟರ್ ತಿರುಗಿಸಲು ಆಗುವುದಿಲ್ಲ ಎಂದು ನಂಬಿದ್ದೆ. ಹಳೆಯ ಚಕ್ರದ ಮೀಟರಿಗಿಂತ ಅದೇ ಸುಲಭವಂತೆ, ಒಂದು ಯಂತ್ರ ಸಿಕ್ಕಿಸಿ ಬೇಕಾದ ಅಂಕಿ ಒತ್ತಿದರೆ ಮುಗಿಯಿತು. ಆದರೆ ಗಾಡಿಯ ಉಳಿದ ಭಾಗಗಳಿಗೆ ಸುಳ್ಳು ಹೇಳಲು ಬರುವುದಿಲ್ಲ. ನನ್ನ ಕಾರಿನ ಕ್ಲಚ್ ಪೆಡಲಿನ ರಬ್ಬರ್ ಒಂದು ಮೂಲೆಯಲ್ಲಿ ಕಬ್ಬಿಣ ಕಾಣುವಷ್ಟು ಸವೆದಿತ್ತು. ಸ್ಟೇರಿಂಗ್ ನುಣುಪಾಗಿ ಮಿಂಚುತ್ತಿತ್ತು. ಡ್ರೈವರ್ ಸೀಟಿನ ಅಂಚು ಕುಸಿದಿತ್ತು, ಅದಕ್ಕೇ ಹೊಸ ಕವರ್. ಇವೆಲ್ಲ ಕೊಳ್ಳುವ ದಿನವೂ ನನ್ನ ಕಣ್ಣ ಮುಂದೆಯೇ ಇದ್ದವು. ನಾನು ಹೊಳೆಯುವ ಬಣ್ಣ ನೋಡುತ್ತಿದ್ದೆ. ಸರ್ವಿಸ್ ಪುಸ್ತಕ ಕೇಳಿದ್ದಕ್ಕೆ "ಮನೆ ಬದಲಾಯಿಸುವಾಗ ಕಳೆದೋಯ್ತು ಸರ್" ಎಂದಿದ್ದರು. ಪುಸ್ತಕ ಕಳೆದರೂ ಸರ್ವಿಸ್ ಮಾಡಿದ ಗ್ಯಾರೇಜಿನವರ ಹತ್ತಿರ ಬಿಲ್ ಇರುತ್ತದಲ್ಲ, ಯಾವ ಗ್ಯಾರೇಜು ಎಂದು ಕೇಳಬೇಕಿತ್ತು.

ಟೈಮಿಂಗ್ ಬೆಲ್ಟ್ ಬಗ್ಗೆಯೂ ಒಂದು ಮಾತು. ಎಲ್ಲ ಇಂಜಿನ್ನಿನಲ್ಲೂ ಬೆಲ್ಟ್ ಇರುವುದಿಲ್ಲ, ಕೆಲವದರಲ್ಲಿ ಚೈನ್ ಇರುತ್ತದೆ. ಬೆಲ್ಟ್ ಇದ್ದರೆ ಕಂಪನಿ ಹೇಳಿದ ಕಿ.ಮೀ.ಗೆ ಬದಲಾಯಿಸಲೇಬೇಕು. ಓಡುವಾಗ ಹರಿದರೆ ಬಹಳ ಇಂಜಿನ್ನುಗಳಲ್ಲಿ ಪಿಸ್ಟನ್ ಹೋಗಿ ವಾಲ್ವಿಗೆ ಹೊಡೆಯುತ್ತದೆ, ಆಮೇಲೆ ಇಂಜಿನ್ನನ್ನೇ ಬಿಚ್ಚಬೇಕಾಗುತ್ತದೆ. ಮೀಟರೇ ಸುಳ್ಳಾದರೆ ಆ ಲೆಕ್ಕವೂ ಸುಳ್ಳು. ಮೀಟರ್ ತಿರುಗಿಸುವುದರಲ್ಲಿ ನಿಜವಾದ ಅಪಾಯ ಇರುವುದು ಇಲ್ಲೇ. ಬೆಲೆಯಲ್ಲಿ ಆಗುವ ಮೋಸ ಒಂದೇ ಅಲ್ಲ.

ಇನ್ನು ಚೆಕ್ ಇಂಜಿನ್ ಲೈಟ್, ಇಂಜಿನ್ನಿನಲ್ಲಿ ದೋಷ ಕಂಡರೆ ಉರಿಯುವ ದೀಪ. ಡ್ಯಾಶ್‌ಬೋರ್ಡಿನಲ್ಲಿ ಒಂದೂ ಲೈಟ್ ಉರಿಯುತ್ತಿರಲಿಲ್ಲ, ಎಂಥಾ ಒಳ್ಳೆ ಗಾಡಿ ಅಂದುಕೊಂಡಿದ್ದೆ. ಬಲ್ಬನ್ನೇ ಕಿತ್ತಿದ್ದರು. ಇದನ್ನು ಹಿಡಿಯಲು ಮೆಕ್ಯಾನಿಕ್ಕೂ ಬೇಡ. ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ಇಂಜಿನ್, ಆಯಿಲ್, ಬ್ಯಾಟರಿ, ಎಬಿಎಸ್ ಬ್ರೇಕ್, ಏರ್‌ಬ್ಯಾಗ್, ಗಾಡಿಯಲ್ಲಿ ಏನೇನಿದೆಯೋ ಅವುಗಳ ಎಚ್ಚರಿಕೆ ದೀಪಗಳು ಹೊತ್ತಿಕೊಳ್ಳಬೇಕು, ಸ್ಟಾರ್ಟ್ ಆಗಿ ಸ್ವಲ್ಪ ಹೊತ್ತಿಗೆ ಆರಬೇಕು. ಹೊತ್ತಿ ಆರದಿದ್ದರೆ ತೊಂದರೆ. ಹೊತ್ತಿಕೊಳ್ಳಲೇ ಇಲ್ಲ ಅಂದರೆ ಇನ್ನೂ ದೊಡ್ಡ ತೊಂದರೆ, ಬಲ್ಬ್ ಸುಟ್ಟಿರಬೇಕು, ಇಲ್ಲವೇ ಯಾರೋ ಬೇಕೆಂದೇ ಕೈ ಆಡಿಸಿರಬೇಕು. ಡ್ಯಾಶ್‌ಬೋರ್ಡ್ ಕೆಳಗೆ ಒಬಿಡಿ ಸಾಕೆಟ್ (ಕಾರಿನ ಕಂಪ್ಯೂಟರಿನಲ್ಲಿರುವ ದೋಷಗಳನ್ನು ಓದುವ ಜಾಗ) ಇರುವ ಕಾರಾದರೆ ಸ್ಕ್ಯಾನರ್ ಸಿಕ್ಕಿಸಿ ನೋಡಿಸಿ. ಮಾರುವ ಹಿಂದಿನ ದಿನ ದೋಷದ ಕೋಡುಗಳನ್ನು ಅಳಿಸಿದ್ದರೂ ಸುಳಿವು ಸಿಗುತ್ತದೆ. ಅಳಿಸಿದ ಮೇಲೆ ಕಾರು ತನ್ನ ಪರೀಕ್ಷೆಗಳನ್ನು ಮತ್ತೆ ಮುಗಿಸಲು ಸ್ವಲ್ಪ ಓಡಬೇಕು, ಅಲ್ಲಿಯ ತನಕ "ರೆಡಿ ಇಲ್ಲ" ಎಂದೇ ತೋರಿಸುತ್ತದೆ. ಎಲ್ಲವೂ "ರೆಡಿ ಇಲ್ಲ" ಅಂದರೆ ಏಕೆ ಎಂದು ಮಾರುವವರನ್ನು ಕೇಳಿ, ಮುಖ ನೋಡಿ.

ಟೆಸ್ಟ್ ಡ್ರೈವ್ ಅರ್ಧ ಗಂಟೆಗೆ ಕಡಿಮೆ ಬೇಡ. ರೇಡಿಯೋ ಆಫ್ ಮಾಡಿ. ಒಂದು ಏರು ಹತ್ತಿಸಿ, ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ. ಇಂಜಿನ್ ಕಿರುಚಿ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಮುಗಿದಿದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತು ಹೊಡೆಸಿ. ಕಟಕಟ ಎಂದರೆ ಚಕ್ರಕ್ಕೆ ಹೋಗುವ ಆಕ್ಸಲಿನ ಜಾಯಿಂಟ್ ಸವೆದಿದೆ. ಕೊನೆಗೆ ಎಸಿ ಹಾಕಿ ನಿಂತಲ್ಲೇ ಹತ್ತು ನಿಮಿಷ ಇಂಜಿನ್ ಓಡಲಿ, ಟೆಂಪರೇಚರ್ ಮುಳ್ಳು ನೋಡುತ್ತಿರಿ. ನಾನು ಇದೊಂದನ್ನು ಮಾಡಿದ್ದರೆ ಅಮ್ಮ ಕಲ್ಲಿನ ಮೇಲೆ ಕೂರುವುದು ತಪ್ಪುತ್ತಿತ್ತೇನೋ.

ನನಗೆ ಆಗದಿದ್ದರೂ, ಗ್ಯಾರೇಜಿನಲ್ಲಿ ಕೂತ ದಿನಗಳಲ್ಲಿ ಬೇರೆಯವರ ಗಾಡಿಗಳಿಂದ ಕಲಿತದ್ದೂ ಇದೆ. ಪ್ರವಾಹದಲ್ಲಿ ಮುಳುಗಿದ ಕಾರನ್ನು ತೊಳೆದು ಮಾರುತ್ತಾರೆ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ನೋಡಿ, ಕೊನೆಯ ಗೇಣಿನಲ್ಲಿ ಕೆಸರಿನ ಗೆರೆ ಇರುತ್ತದೆ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ, ಅದರ ಗುಂಡಿಯಲ್ಲಿ ಮಣ್ಣು, ತುಕ್ಕು ಇದೆಯಾ ನೋಡಿ. ಒಳಗೆ ಸುಗಂಧ ಜಾಸ್ತಿ ಹೊಡೆದಿದ್ದರೆ ಮೂಗು ಚುರುಕಾಗಲಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಟೈರ್ ಒಂದೇ ಅಂಚಿನಲ್ಲಿ ಸವೆದಿದ್ದರೆ ಅಲೈನ್‌ಮೆಂಟ್ ಇಲ್ಲವೇ ಸಸ್ಪೆನ್ಷನ್ ಸರಿ ಇಲ್ಲ. ಒಮ್ಮೊಮ್ಮೆ ಅಪಘಾತದಲ್ಲಿ ಚಾಸಿಯೇ, ಅಂದರೆ ಗಾಡಿಯ ಮೂಲ ಚೌಕಟ್ಟೇ, ಸೊಟ್ಟಗಾಗಿರುತ್ತದೆ. ಚಾಸಿ ನಂಬರು ಈಗಿನ ಕಾರುಗಳಲ್ಲಿ 17 ಅಕ್ಷರ, ಅಂಕಿಗಳದ್ದು. ಕಾಗದದಲ್ಲಿರುವುದನ್ನೂ ಗಾಡಿಯ ಮೇಲಿರುವುದನ್ನೂ ಒಂದೊಂದಾಗಿ ಹೋಲಿಸಿ. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಬರುವುದಿಲ್ಲ, ಒಂದು ಮತ್ತು ಸೊನ್ನೆ ಜೊತೆ ಗೊಂದಲ ಆಗಬಾರದೆಂದು. ಗಾಡಿ ಮೇಲೆ ಸಾಲ ಬಾಕಿ ಇದೆಯಾ ಎಂದು ದುಡ್ಡು ಕೊಡುವ ಮುಂಚೆಯೇ ವಿಚಾರಿಸಿ.

ಬಜೆಟ್ ಕಡಿಮೆ ಇರುವವರಿಗೆ ನನ್ನ ಈಗಿನ ಲೆಕ್ಕ ಹೀಗೆ. ಇರುವ ದುಡ್ಡಿನಲ್ಲಿ ಐದರಲ್ಲೊಂದು ಪಾಲು ಮೊದಲೇ ಎತ್ತಿಡಿ. ಮೆಕ್ಯಾನಿಕ್ ತಪಾಸಣೆ, ಆಯಿಲ್, ಬೆಲ್ಟ್, ಟೈರ್, ಬ್ಯಾಟರಿ ಎಲ್ಲ ಅದರಲ್ಲೇ ಬರಬೇಕು. ಉಳಿದದ್ದರಲ್ಲಿ ಸಿಗುವ ಕಾರು ನೋಡಿ. ಹಳೆಯದಾಗಲಿ, ಬಣ್ಣ ಮಾಸಿರಲಿ. ರಸ್ತೆಯಲ್ಲಿ ಜಾಸ್ತಿ ಕಾಣುವ ಮಾಡೆಲ್ ಆಗಿದ್ದು, ಬಿಡಿಭಾಗ ಎಲ್ಲೆಡೆ ಸಿಗುವಂತಿದ್ದು, ಸರ್ವಿಸ್ ಬಿಲ್ಲುಗಳ ಕಂತೆ ಇದ್ದರೆ ಸಾಕು. 1,40,000 ಓಡಿದರೂ ಬಿಲ್ ಇರುವ ಕಾರು, 71,000 ಓಡಿದೆ ಎಂದು ಬಾಯಿಮಾತಿನಲ್ಲಿ ಹೇಳುವ ಕಾರಿಗಿಂತ ವಾಸಿ. ತಪಾಸಣೆಗೆ ನೀವೇ ಆರಿಸಿದ ಮೆಕ್ಯಾನಿಕ್ ಇರಲಿ, ಮಾರುವವರು ಸೂಚಿಸಿದವರು ಬೇಡ. ತಪಾಸಣೆಗೆ ಒಪ್ಪದವರ ಹತ್ತಿರ ಮಾತು ಮುಂದುವರಿಸಬೇಡಿ.

ಮಾರಿದವರಿಗೆ ಫೋನ್ ಮಾಡಿದೆನಾ ಅಂತ ಕೇಳ್ತೀರಿ. ಮಾಡಿದೆ. "ಕೊಟ್ಟಾಗ ಸರಿಯಾಗೇ ಇತ್ತಲ್ಲ ಸರ್, ನೀವೇ ಓಡಿಸಿ ನೋಡಿದ್ರಿ" ಅಂದರು. ಇದ್ದ ಹಾಗೆ ಒಪ್ಪಿಕೊಂಡಿದ್ದೇನೆ ಎಂದು ಬರೆದ ಕಾಗದಕ್ಕೆ ನಾನೇ ಸಹಿ ಹಾಕಿದ್ದೆ. ಓದಿರಲಿಲ್ಲ. ಎರಡನೇ ಸಲ ಫೋನ್ ಎತ್ತಲಿಲ್ಲ.

ಹೆಡ್ ಲೇತಿಗೆ ಕೊಟ್ಟು ಸಮ ಮಾಡಿಸಿ, ಗ್ಯಾಸ್ಕೆಟ್ ಹಾಕಿಸಿ, ಬೇಡ ಅಂದುಕೊಂಡಿದ್ದ ಸಾಲವನ್ನೂ ಮಾಡಿ ಗಾಡಿ ಓಡುವ ಹಾಗೆ ಮಾಡಿದೆ. ಹೋದ ತಿಂಗಳು ಮಾರಲು ಹೊರಟೆ. ಕಾಲೇಜು ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನೊಬ್ಬ ಬಂದ. ಆ ಚೀಟಿ, ಬಿಲ್ಲುಗಳು, ಮೀಟರಿನ ಕಥೆ ಎಲ್ಲ ಮುಂದಿಟ್ಟೆ. ಬಾನೆಟ್ ಮುಟ್ಟಿ ನೋಡು, ತಣ್ಣಗಿದೆ, ನಾಳೆ ನಿನ್ನ ಮೆಕ್ಯಾನಿಕ್ ಕರೆದುಕೊಂಡು ಬಾ, ಅಲ್ಲಿಯ ತನಕ ಸ್ಟಾರ್ಟ್ ಮಾಡಲ್ಲ ಅಂದೆ. ಆಯ್ತು ಅಂಕಲ್ ಎಂದು ಹೋದವನು ಬರಲಿಲ್ಲ. ಆಮೇಲೆ ಗೊತ್ತಾಯಿತು, ಪಕ್ಕದ ಬೀದಿಯಲ್ಲಿ ಹೊಳೆಯುವ ಬಣ್ಣದ ಕಾರೊಂದನ್ನು ಅವತ್ತು ಸಂಜೆಯೇ ಕೊಂಡನಂತೆ.