2,30,000 ಕಿ.ಮೀ. ಓಡಿದ ಮಾರುತಿ 800: ಮನೆಯಂಗಳದ ರಿಪೇರಿಯಲ್ಲಿ 14 ವರ್ಷ

ಶನಿವಾರ ರಾತ್ರಿ ಕಾರು ನಿಲ್ಲಿಸಿದ ಮೇಲೆ ಇಂಜಿನ್ ಕೆಳಗೆ ಹಳೇ ಪೇಪರ್ ಹಾಸುತ್ತೇನೆ. ಭಾನುವಾರ ಬೆಳಿಗ್ಗೆ ಅದನ್ನು ಎಳೆದು ನೋಡಿದರೆ ಕಾರಿನ ಆರೋಗ್ಯ ಗೊತ್ತಾಗುತ್ತದೆ. ಕಪ್ಪು ಚುಕ್ಕಿ ಇದ್ದರೆ ಇಂಜಿನ್ ಆಯಿಲ್. ಹಸಿರು ಕಲೆ ಇದ್ದರೆ ಇಂಜಿನ್ ತಣಿಸುವ ಕೂಲಂಟ್. ಚಕ್ರದ ಒಳಮೈಯಲ್ಲಿ ತೆಳ್ಳಗೆ ಜಿಡ್ಡು ಇಳಿದಿದ್ದರೆ ಅದು ಬ್ರೇಕ್ ಆಯಿಲ್. ಆವತ್ತು ಕಾರು ಅಂಗಳ ಬಿಟ್ಟು ಹೊರಡುವುದಿಲ್ಲ.

ನಮ್ಮದು ಸಾಗರದ ಹತ್ತಿರದ ಹಳ್ಳಿ, ಅಡಿಕೆ ತೋಟ. ಕಾರು 2003ರ ಮಾಡೆಲ್, ಎಂಪಿಎಫ್ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ಇಂಜಿನ್), 796 ಸಿಸಿ. 2011ರಲ್ಲಿ ನಿವೃತ್ತ ಮೇಷ್ಟ್ರೊಬ್ಬರಿಂದ ತಗೊಂಡಾಗ 72,000 ಕಿ.ಮೀ. ಓಡಿತ್ತು. ಮಾರುತಿ 800 ತಯಾರಿಕೆ 2014ರ ಜನವರಿಯಲ್ಲೇ ನಿಂತರೂ ಕೇಬಲ್, ಫಿಲ್ಟರ್, ಹೋಸ್ ಎಲ್ಲಾ ಇವತ್ತಿಗೂ ಸಿಗುತ್ತವೆ. ಸಾಗರದಲ್ಲಿ ಸಿಗದಿದ್ದರೆ ಶಿವಮೊಗ್ಗ, ಅಲ್ಲೂ ಇಲ್ಲದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ. ಅಲ್ಲಿಂದ ಬಸ್ಸಿಗೆ ಹಾಕಿಸಿಕೊಂಡರೆ ಮರುದಿನ ಕೈಗೆ ಬರುತ್ತದೆ.

ನಾನು ಮೆಕ್ಯಾನಿಕ್ ಅಲ್ಲ. ಕಲಿಯಲೇಬೇಕು ಅನ್ನಿಸಿದ್ದು ಹುಲಿಕಲ್ ಘಾಟಿಯಲ್ಲಿ. ಕುಂದಾಪುರದಿಂದ ವಾಪಸ್ ಬರುತ್ತಿದ್ದೆವು. ಹೊಸಂಗಡಿ ದಾಟಿ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೆ ಹೋಗತೊಡಗಿತು. ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ಮಗಳು. ಬದಿಗೆ ನಿಲ್ಲಿಸಿ, ಬಾನೆಟ್ ಎತ್ತಿ, ಮುಕ್ಕಾಲು ಗಂಟೆ ಕಾದೆವು. ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲಿಲ್ಲ. ಬಿಸಿ ಇರುವಾಗ ತೆಗೆದರೆ ಒಳಗಿನ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ತಣಿದ ಮೇಲೆ ಅಷ್ಟಷ್ಟೇ ದೂರ ಹತ್ತಿ, ಮತ್ತೆ ನಿಲ್ಲಿಸಿ, ಹೇಗೋ ಮನೆ ಸೇರಿದೆವು.

ಮರುದಿನ ಒಂದು ಗ್ಯಾರೇಜಿನಲ್ಲಿ ರೇಡಿಯೇಟರನ್ನೇ ಬದಲಾಯಿಸಬೇಕು ಅಂದರು. ಮನಸ್ಸು ಒಪ್ಪಲಿಲ್ಲ. ಬಯಲು ರಸ್ತೆಯಲ್ಲಿ ಓಡುವಾಗ ಮುಳ್ಳು ಏರುತ್ತಿರಲಿಲ್ಲ. ಘಾಟಿಯಲ್ಲಿ ನಿಧಾನ ಹೋಗುವುದರಿಂದ ಎದುರುಗಾಳಿ ಕಡಿಮೆ, ಫ್ಯಾನೇ ತಣಿಸಬೇಕು. ಹಾಗಾದರೆ ಫ್ಯಾನ್ ತಿರುಗುತ್ತಿದೆಯಾ? ಇಂಜಿನ್ ಬಿಸಿಯಾಗುವ ತನಕ ನಿಲ್ಲಿಸಿ ನೋಡಿದೆ. ತಿರುಗಲಿಲ್ಲ. ಫ್ಯೂಸ್ ಸರಿ ಇತ್ತು. ಇಂಜಿನ್ ಆಫ್ ಮಾಡಿ, ಫ್ಯಾನಿನ ಕನೆಕ್ಟರ್ ಬಿಚ್ಚಿ, ಎರಡು ವೈರಿನಿಂದ ಬ್ಯಾಟರಿಯ ಕರೆಂಟನ್ನು ನೇರವಾಗಿ ಕೊಟ್ಟೆ. ಗಿರ್ರನೆ ತಿರುಗಿತು! ಕನೆಕ್ಟರ್ ಒಳಗೆ ನೋಡಿದರೆ ಪಿನ್ನುಗಳ ಮೇಲೆ ಹಸಿರು ಕಿಲುಬು. ಮಲೆನಾಡಿನ ಮಳೆಗೆ ಅಷ್ಟು ವರ್ಷ ನಿಂತ ತಾಮ್ರ ಅಲ್ವಾ. ನುಣುಪು ಮರಳು ಕಾಗದದಲ್ಲಿ ಉಜ್ಜಿ ಹಾಕಿದೆ. ಖರ್ಚು 5 ರೂಪಾಯಿ. ಆ ರೇಡಿಯೇಟರ್ ಆಮೇಲೆ ಇನ್ನೂ ಆರು ವರ್ಷ ಬಂತು.

ಅವತ್ತಿನಿಂದ ಮಳೆಗಾಲ ಮುಗಿದ ಕೂಡಲೇ ಬಾನೆಟ್ ಒಳಗಿನ ಕನೆಕ್ಟರುಗಳನ್ನೆಲ್ಲಾ ಒಂದೊಂದೇ ಬಿಚ್ಚಿ ಒರೆಸುತ್ತೇನೆ. ಬ್ಯಾಟರಿ ಟರ್ಮಿನಲ್ ಮೇಲೆ ಬೆಳ್ಳಗೆ ಪುಡಿ ಕೂತಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ತೊಳೆದು, ಒಣಗಿಸಿ, ವ್ಯಾಸಲೀನ್ ಸವರುತ್ತೇನೆ. ಇಂಜಿನ್‌ನಿಂದ ಕಾರಿನ ಲೋಹದ ಮೈಗೆ ಬರುವ ಅರ್ತ್ ವೈರನ್ನು ಮಾತ್ರ ಮರೆಯಬೇಡಿ. ಬೆಳಿಗ್ಗೆ ಸೆಲ್ಫ್ ಎಳೆಯದಿದ್ದರೆ ಹೊಸ ಬ್ಯಾಟರಿ ಕೊಳ್ಳುವ ಮೊದಲು ಅದರ ಬೋಲ್ಟ್ ಬಿಚ್ಚಿ ಉಜ್ಜಿ ನೋಡಿ.

ಕ್ಲಚ್ ಕೇಬಲ್ ಕೂಡ ಮನೆಯಲ್ಲೇ ಆಗುವ ಕೆಲಸ. ಪೆಡಲ್ ಗಟ್ಟಿಯಾಗುತ್ತಾ ಬಂದು, ಒತ್ತುವಾಗ ಕರಕರ ಅಂದರೆ ಕೇಬಲ್ ಎಳೆಗಳು ಒಂದೊಂದಾಗಿ ತುಂಡಾಗುತ್ತಿವೆ ಅಂತ ಅರ್ಥ. ಗೇರ್‌ಬಾಕ್ಸ್ ಕಡೆಯ ನಟ್ ಸಡಿಲಿಸಿ, ಪೆಡಲಿನ ಕೊಕ್ಕೆಯಿಂದ ಬಿಡಿಸಿ ಎಳೆದುಕೊಂಡರಾಯಿತು. ಕಷ್ಟದ ಭಾಗ ಪೆಡಲ್ ಕಡೆಯದು. ಸ್ಟೀರಿಂಗ್ ಕೆಳಗೆ ತಲೆ ಹಾಕಿ ಅಂಗಾತ ಮಲಗಬೇಕು, ಟಾರ್ಚ್ ಹಿಡಿಯಲು ಇನ್ನೊಬ್ಬರು ಬೇಕು. ನನಗೆ ಮಗಳು ಹಿಡಿದಳು. ಹೊಸದು ಹಾಕಿದ ಮೇಲೆ ಪೆಡಲಿಗೆ ಒಂದು ಬೆರಳಗಲ ಸಡಿಲ ಬಿಡಬೇಕು. ಪೂರ್ತಿ ಬಿಗಿ ಮಾಡಿದರೆ ಕ್ಲಚ್ ಪ್ಲೇಟ್ ಸುಮ್ನೆ ಸವೆಯುತ್ತದೆ.

ಆಯಿಲ್ 5,000 ಕಿ.ಮೀ.ಗೊಮ್ಮೆ ನಾನೇ ಬದಲಾಯಿಸುತ್ತೇನೆ. ಹಳೇ ಆಯಿಲ್ ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೆ ಕೊಡುತ್ತೇನೆ. ತೋಟದ ಮಣ್ಣಿಗೆ, ಬಾವಿಗೆ ಅದು ಹೋಗಬಾರದು. ಮೂರು ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ವೈಪರ್ ರಬ್ಬರ್ ಎಲ್ಲಾ ಒಂದು ಬೆಳಗಿನ ಕೆಲಸ.

ಜಾಸ್ತಿ ಕಾಟ ಕೊಡುವುದು ತುಕ್ಕು. ಬಾಗಿಲಿನ ಅಡಿಯಲ್ಲಿ ನೀರು ಇಳಿಯಲು ಸಣ್ಣ ತೂತುಗಳಿವೆ. ಮಣ್ಣು, ಎಲೆ ಕಟ್ಟಿಕೊಂಡರೆ ಬಾಗಿಲೇ ನೀರಿನ ತೊಟ್ಟಿ. ಜೂನ್‌ಗೆ ಮೊದಲು ಕಡ್ಡಿ ಹಾಕಿ ಬಿಡಿಸುತ್ತೇನೆ. ಮುಂದಿನ ಗಾಜಿನ ರಬ್ಬರ್ ಬೀಡಿಂಗ್ ಗಡುಸಾಗಿ ಒಮ್ಮೆ ನೀರು ಜಿನುಗಿತ್ತು. ಸೀಲಂಟ್ ಹಾಕಿ ನಿಲ್ಲಿಸಿದೆ. ಆದರೆ ಅಷ್ಟರಲ್ಲಿ ಮ್ಯಾಟ್ ಒಳಗೆ ವರ್ಷವಿಡೀ ಹಸಿ ಇದ್ದು ಎಡಗಡೆ ತಗಡು ಪದರ ಪದರ ಎದ್ದಿತ್ತು. ಮ್ಯಾಟ್ ಎತ್ತಿ ನೋಡದೆ ಬಿಟ್ಟಿದ್ದು ನನ್ನ ತಪ್ಪು. ತಂತಿ ಬ್ರಷ್‌ನಲ್ಲಿ ಕೆರೆದು ರೆಡ್ ಆಕ್ಸೈಡ್ ಎರಡು ಕೋಟ್ ಹೊಡೆದೆ. ಈಗ ತಿಂಗಳಿಗೊಮ್ಮೆ ಮ್ಯಾಟ್ ಎತ್ತಿ ಕೈ ಒತ್ತಿ ನೋಡುತ್ತೇನೆ.

ಬ್ರೇಕ್, ಸ್ಟೀರಿಂಗ್, ಟೈಮಿಂಗ್ ಬೆಲ್ಟ್ ಇವಕ್ಕೆ ಕೈ ಹಾಕುವುದಿಲ್ಲ. ಅವು ಪಳಗಿದ ಕೈಯ ಕೆಲಸ. ಜಾಕ್ ಮೇಲಿರುವ ಕಾರಿನ ಕೆಳಗೂ ನುಗ್ಗುವುದಿಲ್ಲ, ಗಟ್ಟಿ ಸ್ಟ್ಯಾಂಡ್ ಇಟ್ಟ ಮೇಲೇ. ಬ್ರೇಕ್, ಸ್ಟೀರಿಂಗ್, ಬೆಲ್ಟ್ ಈ ಮೂರರಲ್ಲಿ ದುಡ್ಡು ಉಳಿಸಲು ಹೋಗಬೇಡಿ.

ಕಳೆದ ವರ್ಷದ ಲೆಕ್ಕ ನೋಟ್‌ಬುಕ್ಕಿನಲ್ಲಿದೆ. ಪೆಟ್ರೋಲ್, ವಿಮೆ ಬಿಟ್ಟು 8,740 ರೂಪಾಯಿ, ಅದರಲ್ಲಿ ಬ್ಯಾಟರಿಯದ್ದೇ 3,600. ಮೈಲೇಜ್ ಮೊದಲು 18 ಬರುತ್ತಿತ್ತು, ಈಗ 17ರ ಆಸುಪಾಸು. ಬಂಕ್‌ಗಳಲ್ಲಿ ಈಗ ಬರುವುದು 20% ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್‌ನಲ್ಲಿ ಶಕ್ತಿ ಕಡಿಮೆ, ಹಾಗಾಗಿ ಸ್ವಲ್ಪ ಇಳಿಯುವುದು ಸಹಜ. ಈ ಪೆಟ್ರೋಲಿಗೆ ಹಳೇ ರಬ್ಬರ್ ಬೇಗ ಬಿರಿಯಬಹುದು ಅನ್ನುವ ಭಯಕ್ಕೆ ಪೆಟ್ರೋಲ್ ಪೈಪುಗಳನ್ನು ಹೊಸದು ಹಾಕಿಸಿದ್ದೇನೆ. ಹಳೇ ಕಾರು ಇಟ್ಟುಕೊಂಡವರು ಪೆಟ್ರೋಲ್ ವಾಸನೆ ಬಂದರೆ ಒಂದು ದಿನವೂ ತಡ ಮಾಡಬೇಡಿ.

ಕೊಳ್ಳಬೇಕು ಅನ್ನುವವರಿಗೆ ಒಂದು ಮಾತು. ಇದರಲ್ಲಿ ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ನಾನು 70ರ ಮೇಲೆ ಓಡಿಸುವುದಿಲ್ಲ, ರಾತ್ರಿ ಹೆದ್ದಾರಿಗೆ ಒಯ್ಯುವುದಿಲ್ಲ. ದಿನಾ ಬೆಂಗಳೂರು ಹೆದ್ದಾರಿ ಓಡಾಟ ಇರುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಪೇಟೆ, ತೋಟ, ಆಸ್ಪತ್ರೆ, ಮದುವೆಮನೆ ಅಂದರೆ ಇದರಷ್ಟು ಒದಗುವ ಕಾರು ನಾನು ಕಂಡಿಲ್ಲ.

ಆರ್‌ಸಿ (ನೋಂದಣಿ ಪತ್ರ) 2023ರಲ್ಲಿ 5,000 ರೂಪಾಯಿ ಕಟ್ಟಿ ನವೀಕರಿಸಿದೆ. ಮುಂದಿನದು 2028ಕ್ಕೆ. 20 ವರ್ಷ ದಾಟಿದ ಕಾರಿಗೆ 2025ರಲ್ಲಿ ಆ ಶುಲ್ಕವನ್ನು 10,000ಕ್ಕೆ ಏರಿಸಿದ್ದಾರೆ. ಅದನ್ನು ಕಟ್ಟಲು ತಯಾರಿದ್ದೇನೆ. ಆದರೆ ಅದಕ್ಕೂ ಮುಂಚೆ ಎಡಗಡೆಯ ಆ ತಗಡಿಗೆ ತೇಪೆ ವೆಲ್ಡಿಂಗ್ ಆಗಬೇಕು. ಅಡಿಕೆ ಕೊಯ್ಲು ಮುಗಿದ ವಾರವೇ ಸೀಟು ಬಿಚ್ಚುತ್ತೇನೆ.