ಮಾಚೇನಹಳ್ಳಿಯ 'ಲಂಗ್ಸ್ ಕ್ಲೀನ್' ಊಟ: ಊಟ ಮಾಡಿ, ಬೋರ್ಡು ಪೂರ್ತಿ ನಂಬಬೇಡಿ

ಶಿವಮೊಗ್ಗದಿಂದ ಭದ್ರಾವತಿ ಕಡೆ ಹೋಗುವಾಗ ಮಾಚೇನಹಳ್ಳಿ ಇಂಡಸ್ಟ್ರಿಯಲ್ ಏರಿಯಾ ಹತ್ತಿರ ಶೀಟು ಹೊದಿಸಿದ ಒಂದು ಚಿಕ್ಕ ಮೆಸ್ ಇದೆ. 'ಫೌಂಡ್ರಿ, ವೆಲ್ಡಿಂಗ್‌ನವರಿಗೆ ಸ್ಪೆಷಲ್ ಊಟ, ಲಂಗ್ಸ್ ಕ್ಲೀನ್' ಅಂತ ಬೋರ್ಡು. ನಾನೂ ವೆಲ್ಡಿಂಗ್‌ನವನೇ, ಮಧ್ಯಾಹ್ನ ಹೆಚ್ಚಾಗಿ ಇಲ್ಲೇ ಊಟ.

ರುಚಿ ಬಗ್ಗೆ ಎರಡು ಮಾತಿಲ್ಲ. 80 ರೂಪಾಯಿಗೆ ಅನ್ನ, ಹುರುಳಿ ಕಟ್ಟಿನ ಸಾರು, ನುಗ್ಗೆಸೊಪ್ಪಿನ ಪಲ್ಯ, ಒಂದೆಲಗದ ತಂಬುಳಿ, ಎಲೆ ತುದಿಗೆ ನೆಲ್ಲಿಕಾಯಿ ಚಟ್ನಿ. ಜೀರಿಗೆ, ಕಾಳುಮೆಣಸು ತುಪ್ಪದಲ್ಲಿ ಹುರಿದು ಸೊಪ್ಪು, ಕಾಯಿ ಜೊತೆ ರುಬ್ಬಿ, ಕಡೆದ ಮಜ್ಜಿಗೆ ಬೆರೆಸಿದ ತಂಬುಳಿ ಅದು. ಮೊದಲು ಅರ್ಧ ಲೋಟ ಸುಮ್ನೆ ಕುಡಿಯಿರಿ, ಆಮೇಲೆ ಅನ್ನಕ್ಕೆ ಹಾಕಿಸಿಕೊಳ್ಳಿ.

ಬೋರ್ಡಿನ ಮಾತು ಮಾತ್ರ ಅರ್ಧ ನಿಜ. ಮೈಯಲ್ಲಿ ಕಬ್ಬಿಣಾಂಶ ಕಡಿಮೆ ಇದ್ದರೆ ಕರುಳು ಕ್ಯಾಡ್ಮಿಯಂ, ಸೀಸದಂಥ ವಿಷದ ಲೋಹಗಳನ್ನೂ ಜಾಸ್ತಿ ಒಳಗೆ ಬಿಟ್ಟುಕೊಳ್ಳುತ್ತದೆ. ಕೆಲಸದಲ್ಲಿ ಉಸಿರಲ್ಲಿ ಹೋದ ಲೋಹದ ದೂಳಿನಲ್ಲಿ ಒಂದಷ್ಟು ಕಫದ ಜೊತೆ ಗಂಟಲಿಗೆ ಬಂದು ಹೊಟ್ಟೆಗೇ ಇಳಿಯುತ್ತದಲ್ಲ, ಹಾಗಾಗಿ ಏನು ತಿನ್ನುತ್ತೇವೆ ಅನ್ನೋದು ಲೆಕ್ಕಕ್ಕೆ ಬರುತ್ತದೆ. ಸೊಪ್ಪು, ಹುರುಳಿಯ ಕಬ್ಬಿಣ ಮೈಗೆ ಚೆನ್ನಾಗಿ ಹತ್ತಲು ನೆಲ್ಲಿಕಾಯಿಯ ವಿಟಮಿನ್ ಸಿ ಸಹಾಯ ಮಾಡುತ್ತದೆ. ಅಲ್ಲಿಗೆ ಎಲೆ ಸರಿಯಾಗಿದೆ. ಆದರೆ ಎಲೆ ಎತ್ತುವ ಮೊದಲೇ ಖಡಕ್ ಟೀ ತಂದಿಡುತ್ತಾರೆ, ಟೀ ಅದೇ ಕಬ್ಬಿಣಕ್ಕೆ ಅಡ್ಡ! ಒಂದು ಗಂಟೆ ಬಿಟ್ಟು ಕೊಡಿ ಅಂದರೆ "ಟೀ ಕೊಡದೆ ಇದ್ರೆ ನಿಮ್ಮ ಹುಡುಗ್ರು ಏಳೋದೇ ಇಲ್ಲ ಮಾರಾಯ್ರೆ" ಅಂತ ಮಾಲೀಕರು ನಗುತ್ತಾರೆ.

ಕೊನೆಗೆ ಒಂದು ಚೂರು ಬೆಲ್ಲ. ಎದೆಯ ದೂಳು ಎಳೆದು ಹಾಕುತ್ತದಂತೆ. 1994ರಲ್ಲಿ ಪ್ರಕಟವಾದ ಲಖನೌದ ವಿಜ್ಞಾನಿಗಳ ಪ್ರಯೋಗ ಒಂದಿದೆ, ಆದರೆ ಅದು ಇಲಿಗಳ ಮೇಲೆ, ಅದೂ ಕಲ್ಲಿದ್ದಲು ಮತ್ತು ಸಿಲಿಕಾ ದೂಳಿಗೆ. ಸ್ಟೇನ್‌ಲೆಸ್ ಸ್ಟೀಲ್ ವೆಲ್ಡ್ ಮಾಡುವಾಗ ಏಳುವ ಕ್ರೋಮಿಯಂ, ನಿಕಲ್ ಹೊಗೆಯ ಮಾತೇ ಬೇರೆ. ವೆಲ್ಡಿಂಗ್ ಹೊಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿಯೇ 2017ರಲ್ಲಿ ತೀರ್ಮಾನಿಸಿದೆ. ಬೆಲ್ಲ ತಿಂದೆ, ಇನ್ನು ಮಾಸ್ಕ್ ಯಾಕೆ ಅನ್ನುವವರನ್ನು ಕಂಡರೆ ಸಿಟ್ಟು ಬರುತ್ತದೆ. ಊಟ ಮುಗಿಸಿ ಹೊರಗೆ ನಿಂತು ಬೀಡಿ ಹಚ್ಚುವವರಿಗೆ ಏನು ಹೇಳೋಣ, ಹೊಗೆಸೊಪ್ಪಿನ ಗಿಡ ಮಣ್ಣಿನಿಂದ ಕ್ಯಾಡ್ಮಿಯಂ ಹೀರಿಟ್ಟುಕೊಂಡಿರುತ್ತದೆ, ಎಳೆದರೆ ನೇರ ಎದೆಗೇ.

ನನಗೆ ತುಂಬಾ ಹಿಡಿಸಿದ್ದು ಕೈ ತೊಳೆಯುವ ಜಾಗ. ತೆಂಗಿನ ಚಿಪ್ಪಿನಲ್ಲಿ ಸೋಪಿನ ತುಂಡು, ಪಕ್ಕದಲ್ಲಿ ತಿಕ್ಕಲು ನಾರು. ಉಗುರು ಸಂದಿಯ ಕಪ್ಪು ಕಂಡರೆ ಮೆಸ್‌ನ ಅಕ್ಕ ವಾಪಸ್ ಕಳಿಸುತ್ತಾರೆ, ಎಲೆ ಹಾಕುವುದಿಲ್ಲ. ಲೋಹದ ಪುಡಿ ತುತ್ತಿನ ಜೊತೆ ಹೊಟ್ಟೆ ಸೇರುವುದು ಅಲ್ಲೇ ತಪ್ಪುತ್ತದೆ. ಬೋರ್ಡಿಗೆ ಬರೆಯಬೇಕಾಗಿದ್ದು ಇದನ್ನು, ಅಲ್ವಾ?

ಐದಕ್ಕೆ ನಾಲ್ಕು ಸ್ಟಾರ್. ಒಂದೂವರೆ ದಾಟಿದರೆ ತಂಬುಳಿ ಖಾಲಿ, ಬೇಗ ಹೋಗಿ. ಭಾನುವಾರ ರಜೆ.